ಹಾಡುತ್ತಾ ವೀಣೆ ನುಡಿಸುವಾಗ ಕಂಠ ಟೊಳ್ಳಾಗಿ ಮುದ್ರಣವಾಗುತ್ತಿದೆ: ಎರಡು ಮೈಕ್‌ಗಳ ಸಮಸ್ಯೆ

ಮಂದ್ರಪಂಚಮ:
ನಮಸ್ಕಾರ. ನಾನು ವೀಣೆ ನುಡಿಸುತ್ತಲೇ ಹಾಡುವವಳು. ಮೈಸೂರಿನ ನಮ್ಮ ಮನೆಯ ಚಿಕ್ಕ ಕೋಣೆಯಲ್ಲಿ ನೆಲದ ಮೇಲೆ ಕುಳಿತು, ಎರಡು ಕಾರ್ಡಿಯಾಯ್ಡ್ (ಮುಖ್ಯವಾಗಿ ಮುಂಬದಿಯ ಸದ್ದನ್ನು ಹಿಡಿಯುವ) ಕಂಡೆನ್ಸರ್ ಮೈಕ್‌ಗಳಿಂದ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿಕೊಳ್ಳುತ್ತಿದ್ದೇನೆ. ಒಂದು ಮೈಕ್ ಬಾಯಿಯ ಎದುರಿಗಿದೆ, ಇನ್ನೊಂದು ವೀಣೆಯ ಕುದುರೆಯ, ಅಂದರೆ ತಂತಿಗಳನ್ನು ಹೊತ್ತ ಸೇತುವೆಯ, ಎದುರಿಗಿದೆ. ಒಂದೊಂದೇ ಟ್ರ್ಯಾಕ್ ಕೇಳಿದರೆ ದೋಷವೇನೂ ಕಾಣುವುದಿಲ್ಲ. ಎರಡನ್ನೂ ಕೂಡಿಸಿದ ಕೂಡಲೇ ದನಿಯು ತಗಡಿನ ಕೊಳವೆಯಿಂದ ಬಂದಂತೆ ಟೊಳ್ಳಾಗುತ್ತದೆ, ಅದರಲ್ಲೂ ಪಂಚಮದಲ್ಲಿ ನಿಂತಾಗ. ನನ್ನ ಶ್ರುತಿ (ಆಧಾರ ಷಡ್ಜ) ಹಾರ್ಮೋನಿಯಂನ ಬಿಳಿ ನಾಲ್ಕು, ಅಂದರೆ ನಾಲ್ಕನೆಯ ಬಿಳಿ ಮನೆ. ಈಕ್ವಲೈಸರ್‌ನಲ್ಲಿ ಆ ಭಾಗವನ್ನು ಏರಿಸಿದರೆ ವೀಣೆ ಗುಂಯ್‌ಗುಡುತ್ತದೆ. ಮೈಕ್ ಕೆಟ್ಟಿರಬಹುದೇ?

ಸದ್ದುಗಾರ:
ಹಾಡನ್ನೂ ವೀಣೆಯನ್ನೂ ಬೇರೆ ಬೇರೆಯಾಗಿ ಮುದ್ರಿಸಿದರೆ ಈ ತೊಡಕೇ ಇರುವುದಿಲ್ಲ.

ಮಂದ್ರಪಂಚಮ:
ಪ್ರಯತ್ನಿಸಿದ್ದೇನೆ. ಗಮಕದಲ್ಲಿ ತಂತಿಯನ್ನು ಎಳೆಯುವ ಕೈಯೂ ಕಂಠವೂ ಒಂದನ್ನೊಂದು ನೋಡಿಕೊಂಡು ಸಾಗುತ್ತವೆ. ಬೇರೆ ಮಾಡಿದರೆ ಆ ಹೊಂದಿಕೆ ಉಳಿಯುವುದಿಲ್ಲ.

ನೂಲಳತೆ:
ಒಟ್ಟಿಗೆ ಮುದ್ರಿಸುವುದೇ ಸರಿ. ಮೈಕ್ ಕೆಟ್ಟಿಲ್ಲವೆಂದು ನನ್ನ ಅನಿಸಿಕೆ. ದಯವಿಟ್ಟು ಎರಡು ಪರೀಕ್ಷೆ ಮಾಡಿ. ವೀಣೆಯ ಟ್ರ್ಯಾಕಿನ ಪೊಲಾರಿಟಿಯನ್ನು (ಅಲೆಯ ಏರಿಳಿತದ ದಿಕ್ಕನ್ನು) ತಿರುಗಿಸಿದಾಗ ನಿಮ್ಮ ದನಿಯ ಬಣ್ಣ ಬದಲಾಗುತ್ತದೆಯೇ ನೋಡಿ. ಅನಂತರ ಒಂದು ದಾರ ಹಿಡಿದು, ಬಾಯಿಂದ ಎರಡೂ ಮೈಕ್‌ಗಳಿಗೆ ಇರುವ ದೂರವನ್ನು ಅಳೆಯಿರಿ.

ಮಂದ್ರಪಂಚಮ:
ಬಣ್ಣ ಬದಲಾಗುತ್ತದೆ, ಆದರೆ ಈಗ ಕೆಳಗಿನ ಸ್ವರಗಳು ತೆಳ್ಳಗಾಗುತ್ತವೆ. ಬಾಯಿಂದ ಕಂಠದ ಮೈಕ್‌ಗೆ 30 ಸೆಂಟಿಮೀಟರ್, ವೀಣೆಯ ಮೈಕ್‌ಗೆ 65 ಸೆಂಟಿಮೀಟರ್ ಇದೆ.

ನೂಲಳತೆ:
ಹಾಗಾದರೆ ರೋಗ ಸಿಕ್ಕಿತು. ವ್ಯತ್ಯಾಸ 35 ಸೆಂಟಿಮೀಟರ್. ನಮ್ಮ ಕೋಣೆಗಳ ತಾಪಮಾನದಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 347 ಮೀಟರ್ ಸಾಗುವುದರಿಂದ, ನಿಮ್ಮ ದನಿ ವೀಣೆಯ ಮೈಕನ್ನು ಸುಮಾರು ಒಂದು ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಕೂಡಿಸಿದಾಗ 500, 1500, 2500 ಹರ್ಟ್ಸ್‌ಗಳ ಸುತ್ತ ಎರಡು ಅಲೆಗಳು ಪರಸ್ಪರ ಅಳಿಸಿಕೊಂಡು, ಬಾಚಣಿಗೆಯ ಹಲ್ಲುಗಳ ನಡುವಿನ ಸಂದುಗಳಂತೆ ಸಾಲಾಗಿ ತಗ್ಗುಗಳು ಬೀಳುತ್ತವೆ. ಬಿಳಿ ನಾಲ್ಕಕ್ಕೆ ಪಂಚಮ ಸುಮಾರು 262 ಹರ್ಟ್ಸ್. ಅದರ ಎರಡನೆಯ ಹಾರ್ಮೋನಿಕ್ (ಮೂಲದ ಎರಡರಷ್ಟು ಕಂಪನಾಂಕದ ಉಪಸ್ವರ) 524, ಅಂದರೆ ಮೊದಲ ತಗ್ಗಿನ ಬಳಿಯೇ. ಪೊಲಾರಿಟಿ ತಿರುಗಿಸಿದರೆ ತಗ್ಗುಗಳು 1000, 2000ಕ್ಕೆ ಜಾರುತ್ತವೆ, ಜೊತೆಗೆ ತೀರ ಕೆಳಗಿನ ಭಾಗವೂ ಕರಗುತ್ತದೆ. ನಿಮಗೆ ಕೇಳಿಸಿದ್ದು ಅದೇ.

ಕಂಠಕ್ಕಿಂತ ವೀಣೆ ಮೆಲ್ಲನೆಯ ವಾದ್ಯ. ಆದ್ದರಿಂದ ಅದರ ಮೈಕ್‌ಗೆ ನೀವು ಹೆಚ್ಚು ಗೇನ್ (ವರ್ಧನೆ) ಕೊಟ್ಟಿರುತ್ತೀರಿ, ಆ ಗೇನ್ ಸೋರಿ ಬಂದ ದನಿಯನ್ನೂ ಸಮಸಮಕ್ಕೆ ಎತ್ತುತ್ತದೆ, ತಗ್ಗುಗಳು ಆಳವಾಗುತ್ತವೆ. ಸೋರಿಕೆಯನ್ನು ಹತ್ತು ಡೆಸಿಬೆಲ್ ಕೆಳಗಿಳಿಸಿದರೆ ತಗ್ಗಿನ ಆಳ ಮೂರು ಡೆಸಿಬೆಲ್ ಆಸುಪಾಸಿಗೆ ಬರುತ್ತದೆ. ಅಷ್ಟಾದರೆ ಕಿವಿ ದೂರುವುದಿಲ್ಲ.

ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನ ಕಡೆಯ ಸದ್ದನ್ನು ಅತಿ ಕಡಿಮೆ ಹಿಡಿಯುತ್ತದೆ. ಹಾಗಾಗಿ ವೀಣೆಯ ಮೈಕನ್ನು ಎದುರಿನಿಂದ ತೆಗೆದು, ಬಾಯಿ ಮತ್ತು ಕುದುರೆಯ ನಡುವೆ ತಂದು, ಕುದುರೆಯಿಂದ 20 ಸೆಂಟಿಮೀಟರ್ ಮೇಲೆ ಕೆಳಮುಖವಾಗಿ ನಿಲ್ಲಿಸಿ. ಆಗ ಅದರ ಬೆನ್ನು ನಿಮ್ಮ ಬಾಯಿಗೆ ಇರುತ್ತದೆ. ಕಂಠದ ಮೈಕ್ ಎದೆಯ ಮಟ್ಟದಿಂದ ಮೇಲ್ಮುಖವಾಗಿ ಬಾಯಿಯತ್ತ ನೋಡಲಿ. ಅದರ ಬೆನ್ನು ವೀಣೆಗೆ. ಮೀಟುವ ಬಲಗೈಗೆ ಸ್ಟ್ಯಾಂಡ್ ತಾಗದಂತೆ ಹೊಂದಿಸುವುದರಲ್ಲಿಯೇ ಅರ್ಧ ಗಂಟೆ ಹೋಗುತ್ತದೆ, ಬೇಸರಿಸಬೇಡಿ. ಗೋಡೆಗೆ ಬಡಿದು ಮರಳುವ ದನಿ ಮೈಕಿನ ಮುಂಬದಿಯಿಂದಲೇ ನುಗ್ಗುವುದರಿಂದ, ನೆಲಕ್ಕೂ ಎದುರು ಗೋಡೆಗೂ ದಪ್ಪನೆಯ ಕೌದಿ ಹಾಕಿ. ಎಂಟರ ಆಕಾರದ ಗ್ರಹಣವಿರುವ ಮೈಕ್ ಯಾರಿಂದಲಾದರೂ ಎರವಲು ಸಿಕ್ಕರೆ, ಅದರ ಪಕ್ಕವನ್ನು ಬಾಯಿಗೆ ತಿರುಗಿಸಿ. ಪಕ್ಕದ ಸದ್ದಿಗೆ ಅದು ಬಹುತೇಕ ಕಿವುಡು.

ಮಂದ್ರಪಂಚಮ:
ತುಂಬ ಉಪಕಾರವಾಯಿತು. ಈಗಾಗಲೇ ಮುದ್ರಿಸಿರುವ ಒಂದು ಆಲಾಪನೆ ಚೆನ್ನಾಗಿ ಬಂದಿದೆ. ಅದನ್ನು ಉಳಿಸಿಕೊಳ್ಳಲು ಸಾಧ್ಯವೇ?

ನೂಲಳತೆ:
ಭಾಗಶಃ ಸಾಧ್ಯ. ವೀಣೆಯ ಟ್ರ್ಯಾಕನ್ನು 48 ಸ್ಯಾಂಪಲ್‌ಗಳಷ್ಟು, ಅಂದರೆ ಒಂದು ಮಿಲಿಸೆಕೆಂಡ್, ಮುಂಚಿತವಾಗಿ ಸರಿಸಿ. ಎರಡೂ ಟ್ರ್ಯಾಕ್‌ಗಳಲ್ಲಿನ ದನಿ ಒಂದೇ ಗೆರೆಗೆ ಬರುತ್ತದೆ. ಇದರಿಂದ ಕಂಠದ ಮೈಕ್‌ಗೆ ಸೋರಿದ ವೀಣೆ ಇನ್ನಷ್ಟು ತಡವಾಗುವುದು ನಿಜ, ಆದರೆ ಆ ಸೋರಿಕೆ ಕ್ಷೀಣವಾದ್ದರಿಂದ ನಷ್ಟ ಸಣ್ಣದು. ನೀವು ತಲೆಯಾಡಿಸುತ್ತಾ ಹಾಡುವವರಾದರೆ ದೂರವೂ ಆಡುತ್ತಿರುತ್ತದೆ, ಆಗ ಈ ಉಪಾಯ ಎಲ್ಲ ಕಡೆಯೂ ಒಂದೇ ಸಮನಾಗಿ ಕೆಲಸ ಮಾಡದು.

ಮಂದ್ರಪಂಚಮ:
ತಲೆಯಾಡಿಸುವ ಚಾಳಿ ನನಗೆ ಉಂಟು. ಆದರೂ ಹಳೆಯ ಆಲಾಪನೆ ಬಹುಪಾಲು ಸರಿಹೋಯಿತು. ಹೊಸ ಜೋಡಣೆಯಲ್ಲಿ ಇಂದು ಬೆಳಗ್ಗೆ ಮುದ್ರಿಸಿದಾಗ ಪಂಚಮ ತುಂಬಿಕೊಂಡು ಬಂದಿದೆ. ಮೈಕ್ ಹತ್ತಿರವಾದದ್ದರಿಂದ ಉಗುರು ತಂತಿಗೆ ತಾಗುವ ಟಿಕ್ ಸದ್ದು ಮಾತ್ರ ಎದ್ದು ಕೇಳುತ್ತಿದೆ.

ನೂಲಳತೆ:
ಮೈಕಿನ ಮೂತಿಯನ್ನು ಮೀಟುವ ಜಾಗದಿಂದ ನಾಲ್ಕು ಬೆರಳು ಆಚೆಗೆ, ಕೊಡದ ಹಲಗೆಯ ಕಡೆಗೆ ತಿರುಗಿಸಿ ನೋಡಿ. ಪೂರ್ತಿ ಹೋಗಲಾರದು, ಹೋಗಬೇಕಾಗಿಯೂ ಇಲ್ಲ, ಅದು ವೀಣೆಯದೇ ಸದ್ದು.