ಗರಗಸದ ಬೇಲಿ, ತೋಟದ ಬೇಲಿ

ಗುಂಪು: ಸಾಗರದ ಮನೆಯವರು

ಸುಮತಿ ಅತ್ತೆ (ಫಾರ್ವರ್ಡ್): ಎಚ್ಚರಿಕೆ! ಅಮೆರಿಕದಲ್ಲಿ ಟೇಬಲ್ ಸಾ ಯಂತ್ರದಿಂದ ದಿನಕ್ಕೆ 10 ಜನ ಬೆರಳು ಕಳೆದುಕೊಳ್ಳುತ್ತಿದ್ದಾರೆ. ಹಳೆಯ ಯಂತ್ರಗಳನ್ನು ಸರ್ಕಾರ ನಿಷೇಧಿಸಿದೆ. ಹಿಂತಿರುಗಿಸಿದವರಿಗೆ ಕಂಪನಿಯೇ 100 ಡಾಲರ್ ಕೊಡುತ್ತಿದೆ. ಎಲ್ಲರಿಗೂ ತಲುಪಿಸಿ.

ಸುಮತಿ ಅತ್ತೆ: ಪ್ರಕಾಶ, ಮಿಶಿಗನ್ನಿನಲ್ಲಿ ಯಾರೋ ಬಳಸಿ ಬಿಟ್ಟ ಗರಗಸವನ್ನು ಕೊಳ್ಳಲು ಹೊರಟಿದ್ದೀಯೆಂದು ನಿನ್ನ ಹೆಂಡತಿ ಹೇಳಿದಳು. ಇದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಗಿರೀಶ: ಅತ್ತೆ, ಇದರ ಮೂಲ ಯಾವುದು? ದಿನಕ್ಕೆ ಹತ್ತು ಎಂಬುದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಅಂದಾಜಿಗೆ ಹತ್ತಿರವಾಗಿಯೇ ಇದೆ, ಅದನ್ನು ಒಪ್ಪುತ್ತೇನೆ. ಆದರೆ ಹಳೆಯ ಯಂತ್ರಗಳನ್ನು ಯಾರೂ ನಿಷೇಧಿಸಿಲ್ಲ. 100 ಡಾಲರಿನ ಕಥೆಯಂತೂ 2000ನೇ ಇಸವಿಯದು. ಕ್ರಾಫ್ಟ್ಸ್‌ಮನ್ ಹೆಸರಿನಲ್ಲಿ ಮಾರಾಟವಾಗಿದ್ದ ರೇಡಿಯಲ್ ಆರ್ಮ್ ಸಾಗಳಿಗೆ ಎಮರ್ಸನ್ ಕಂಪನಿ ಹೊಸ ರಕ್ಷಾಕವಚವನ್ನು ಉಚಿತವಾಗಿ ಕೊಟ್ಟು, ಕವಚ ಕೂರದ ಮಾದರಿಗಳ ಮೋಟಾರು ಭಾಗವನ್ನು ಕಳಿಸಿದವರಿಗೆ ಆ ಹಣ ಕೊಡುವುದಾಗಿ ಹೇಳಿತ್ತು. ಅದರಲ್ಲಿ ಬ್ಲೇಡು ಮೇಲಿನ ತೋಳಿನಿಂದ ತೂಗುತ್ತದೆ. ಟೇಬಲ್ ಸಾದಲ್ಲಿ ಮೇಜಿನ ಕೆಳಗಿನಿಂದ ಏಳುತ್ತದೆ. ಎರಡೂ ಬೇರೆ ಯಂತ್ರಗಳು.

ಸುಮತಿ ಅತ್ತೆ: ನೀನು 2020ರಲ್ಲಿ ನನ್ನ ಅರಿಶಿನ ಕಷಾಯದ ಸಂದೇಶಕ್ಕೂ ಹೀಗೆಯೇ ಮೂಲ ಕೇಳಿದ್ದೆ. ಆಮೇಲೆ ನೆಗಡಿಯಾದಾಗ ಅದನ್ನೇ ಕುಡಿದೆ.

ದೊಡ್ಡಪ್ಪ: ಮೂಲ ಕೇಳುವುದು ತಪ್ಪಲ್ಲ, ಕೇಳಿದ ಧಾಟಿ ತಪ್ಪು. ನಮ್ಮ ಮನೆಯಲ್ಲಿ ಆಯುಧಪೂಜೆಯಂದು ಗರಗಸಕ್ಕೆ ಕುಂಕುಮವಿಟ್ಟ ಕೈಯೇ ಮರುದಿನ ಅರ ಹಿಡಿದು ಅದರ ಹಲ್ಲುಗಳನ್ನು ಹರಿತ ಮಾಡುತ್ತಿತ್ತು. ಈಗಿನವರು ಪೂಜೆಯ ಚಿತ್ರ ಹಾಕುತ್ತಾರೆ, ಅರವನ್ನು ಮುಟ್ಟುವುದಿಲ್ಲ.

ಪ್ರಕಾಶ: ದೊಡ್ಡಪ್ಪ, ಅರದ ವಿಷಯ ಸರಿ, ಆದರೆ ನನ್ನ ಪ್ರಶ್ನೆ ಬೇರೆ. ಯಂತ್ರ 1980ರ ದಶಕದ್ದು, ಮೇಜು ಎರಕದ ಕಬ್ಬಿಣದ್ದು, 250 ಡಾಲರ್ ಕೇಳುತ್ತಿದ್ದಾರೆ. ಅದರ ಜೊತೆಗೆ ಬಂದಿರುವ ಫೆನ್ಸ್ ಪ್ರತಿ ಬಾರಿ ಬಿಗಿದಾಗಲೂ ಒಂದೊಂದು ಕಡೆಗೆ ವಾಲುತ್ತದೆ. ಒಳ್ಳೆಯ ಫೆನ್ಸ್ ಹಾಕಿಸಿದರೆ ಅದೇ ಯಂತ್ರಕ್ಕಿಂತ ದುಬಾರಿಯಾಗುತ್ತದೆ. ಏನು ಮಾಡಲಿ?

ಸುಮತಿ ಅತ್ತೆ: ಗರಗಸಕ್ಕೆ ಬೇಲಿ ಹಾಕಿಸಲು ಹಣವಿದೆಯೇ? ಅಡಿಕೆ ತೋಟದ ಬೇಲಿಯಲ್ಲಿ ನಿನ್ನ ಪಾಲು ಇನ್ನೂ ಬಂದಿಲ್ಲ. ಹಂದಿ ನುಗ್ಗಿದ್ದು ನನ್ನ ಭಾಗಕ್ಕೆ, ನಿನ್ನ ಭಾಗಕ್ಕಲ್ಲ.

ಪ್ರಕಾಶ: ಅತ್ತೆ, ಇದು ಆ ಬೇಲಿಯಲ್ಲ. ಹಲಗೆಯನ್ನು ಒರಗಿಸಿ ತಳ್ಳುವ, ಬ್ಲೇಡಿಗೆ ಸಮಾನಾಂತರವಾಗಿ ನಿಲ್ಲುವ ಕಬ್ಬಿಣದ ಪಟ್ಟಿ.

ರಮೇಶ: ಬೇಲಿಯೆಂದಾಗ ಅಜ್ಜನ ನೆನಪಾಯಿತು. ಹಲಸಿನ ದಿಮ್ಮಿಯನ್ನು ಕಟ್ಟೆಯ ಮೇಲೇರಿಸಿ, ಮಸಿ ಬಳಿದ ನೂಲನ್ನು ಎಳೆದು ಬಿಟ್ಟರೆ ಕಪ್ಪು ಗೆರೆ ಬೀಳುತ್ತಿತ್ತು. ಮೇಲೊಬ್ಬ, ಕೆಳಗೊಬ್ಬ ನಿಂತು ಆ ಗೆರೆಯ ಮೇಲೆಯೇ ಮಧ್ಯಾಹ್ನದವರೆಗೆ ಕೊಯ್ಯುತ್ತಿದ್ದರು. ಕೆಳಗಿನವನ ಕಣ್ಣಿಗೆ ಹೊಟ್ಟು ಬೀಳಬಾರದೆಂದು ತಲೆಗೆ ಟವೆಲ್ ಸುತ್ತಿಕೊಡುತ್ತಿದ್ದುದು ನಾನೇ. ಆ ಗರಗಸ ಪಾಲಿನ ಸಮಯದಲ್ಲಿ ಯಾರ ಮನೆಗೆ ಹೋಯಿತು?

ದೊಡ್ಡಪ್ಪ: ಆ ಮಾತು ಈಗ ಬೇಡ.

ರಮೇಶ: ನಾನು ಕೇಳಿದ್ದು ಅಷ್ಟೇ.

ಗಿರೀಶ: ಪ್ರಕಾಶಣ್ಣ, ಮೊದಲು ಯಂತ್ರವನ್ನು ನೋಡಿ, ಆಮೇಲೆ ಫೆನ್ಸ್. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ, ಅದಕ್ಕೆ ಹೆದರಬೇಡಿ. ಪ್ಲಗ್ ತೆಗೆದು, ಬೆಲ್ಟು ಕಳಚಿ, ಬ್ಲೇಡು ಕೂರುವ ದಂಡವನ್ನು ಕೈಯಿಂದ ತಿರುಗಿಸಿ. ಗರಗರ ಸದ್ದಾದರೆ ಅಥವಾ ಅಲುಗಾಡಿದರೆ ಬೇರಿಂಗ್ ಹೋಗಿದೆ ಎಂದರ್ಥ. ಬ್ಲೇಡಿನ ಒಂದೇ ಹಲ್ಲಿಗೆ ಗುರುತು ಹಾಕಿ, ಆ ಹಲ್ಲಿನಿಂದ ಮೇಜಿನ ಮೇಲೆ ಉದ್ದಕ್ಕೂ ಕೊರೆದಿರುವ ಕಾಲುವೆಗೆ ಇರುವ ದೂರವನ್ನು ಮುಂದೆಯೂ ಹಿಂದೆಯೂ ಅಳೆಯಿರಿ. ಅದು ಸಮವಾದ ಮೇಲೆ ಫೆನ್ಸನ್ನು ಅದೇ ಕಾಲುವೆಗೆ ಸಮ ಮಾಡಿ. ಫೆನ್ಸ್ ಹಿಂದುಗಡೆ ಬ್ಲೇಡಿನತ್ತ ಕೂದಲೆಳೆಯಷ್ಟು ವಾಲಿದರೂ ಹಲಗೆ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಂದಿನ ಹಲ್ಲುಗಳು ಮೇಲಕ್ಕೇಳುವಾಗ ಅದನ್ನು ಎತ್ತಿ ನಿಮ್ಮ ಹೊಟ್ಟೆಯ ಕಡೆಗೇ ಎಸೆಯುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಸುಮತಿ ಅತ್ತೆ: ಅಂದರೆ ನನ್ನ ಭಯ ಸುಳ್ಳಲ್ಲ.

ಗಿರೀಶ: ಭಯ ನಿಜ, ಸಂದೇಶ ಸುಳ್ಳು.

ದೊಡ್ಡಪ್ಪ: ಬೆರಳು ತಾಗಿದ ಕ್ಷಣದಲ್ಲೇ ನಿಲ್ಲುವ ಯಂತ್ರವೊಂದಿದೆಯಂತೆ. ಅದನ್ನು ಏಕೆ ಕೊಳ್ಳಬಾರದು?

ಗಿರೀಶ: ಸಾಸ್ಟಾಪ್ ಎಂದು ಅದರ ಹೆಸರು, ದೊಡ್ಡಪ್ಪ. ಸುಮಾರು 5 ಮಿಲಿಸೆಕೆಂಡಿನಲ್ಲಿ ನಿಲ್ಲುತ್ತದೆ. ಒಮ್ಮೆ ನಿಂತರೆ ಬ್ರೇಕನ್ನು ಬದಲಿಸಬೇಕು, ಬ್ಲೇಡು ಸಾಮಾನ್ಯವಾಗಿ ಹಾಳಾಗಿರುತ್ತದೆ. ಹಳೆಯ ಯಂತ್ರಕ್ಕೆ ಅದನ್ನು ಜೋಡಿಸಲು ಬರುವುದಿಲ್ಲ, ಬೆಲೆಯೂ ಬೇರೆಯೇ. ಹಳೆಯದರಲ್ಲಿ ರೈವಿಂಗ್ ನೈಫ್, ಅಂದರೆ ಬ್ಲೇಡಿನ ಹಿಂದೆ ನಿಂತು ಅದರ ಜೊತೆಗೇ ಏರಿಳಿಯುವ ಪಟ್ಟಿ, ಕೂಡ ಇರುವುದಿಲ್ಲ. ಬ್ಲೇಡಿನ ಹಿಂದೆ ಸ್ಪ್ಲಿಟರ್ ಎಂಬ ತೆಳುವಾದ ಪಟ್ಟಿ ಹಾಕಿಕೊಂಡರೆ ಕೊಯ್ದ ಸೀಳು ಮುಚ್ಚಿಕೊಳ್ಳುವುದಿಲ್ಲ. ಫೆನ್ಸ್ ಮಾತ್ರ ಬೀಸ್ಮೇಯರ್ ಮಾದರಿಯ ಟಿ-ಸ್ಕ್ವೇರ್ ಆಗಿರಲಿ. ಹಳೆಯ ಫೆನ್ಸ್ ಮುಂದಿನ ಹಳಿಯನ್ನೂ ಹಿಂದಿನ ಹಳಿಯನ್ನೂ ಹಿಡಿಯಲು ಹೋಗಿ ಸೊಟ್ಟಗಾಗುತ್ತದೆ. ಇದು ಮುಂದಿನ ಹಳಿಯೊಂದಕ್ಕೇ ಬಿಗಿಯಾಗಿ, ಪ್ರತಿ ಸಲವೂ ನೆಟ್ಟಗೆ ನಿಲ್ಲುತ್ತದೆ. ಅಖಂಡ ಪ್ಲೈವುಡ್ ಹಾಳೆಗಳನ್ನು ಕೊಯ್ಯುವುದಿಲ್ಲವಾದರೆ ಬ್ಲೇಡಿನಿಂದ 30 ಇಂಚು ದೂರ ಸರಿಯುವ ಫೆನ್ಸೇ ಸಾಕು, 52 ಇಂಚಿನದು ಗ್ಯಾರೇಜನ್ನೇ ನುಂಗುತ್ತದೆ. ಫೆನ್ಸ್ ಯಂತ್ರಕ್ಕಿಂತ ದುಬಾರಿಯಾದರೂ ಬೇಸರಪಡಬೇಡಿ. ಮುಂದೆ ಬೇರೆ ಗರಗಸ ಕೊಂಡರೂ ಹಳಿಗೆ ಹೊಸ ತೂತು ಕೊರೆದು ಅದನ್ನೇ ಕೂರಿಸಬಹುದು.

ರಮೇಶ: ಅಜ್ಜ ಇದ್ದಿದ್ದರೆ ಒಂದು ನೂಲಿನಲ್ಲಿ ಮುಗಿಸುತ್ತಿದ್ದರು.

ಪ್ರಕಾಶ (ಮರುದಿನ): ನೋಡಿ ಬಂದೆ. ಬೇರಿಂಗ್ ಸದ್ದಿಲ್ಲದೆ ತಿರುಗುತ್ತದೆ. ಬ್ಲೇಡಿನ ಹಿಂದುಗಡೆ ಮೂರು ಹಾಳೆ ಕಾಗದದಷ್ಟು ವ್ಯತ್ಯಾಸವಿತ್ತು. ಅದನ್ನೇ ತೋರಿಸಿ 200ಕ್ಕೆ ಇಳಿಸಿದೆ. 30 ಇಂಚಿನ ಟಿ-ಸ್ಕ್ವೇರ್ ಫೆನ್ಸ್ ತರಿಸುತ್ತಿದ್ದೇನೆ. ಅದು ಬರುವವರೆಗೆ ಯಂತ್ರಕ್ಕೆ ಕರೆಂಟು ಕೊಡುವುದಿಲ್ಲ. ಅತ್ತೆ, ಮೊದಲ ಹಲಗೆಯನ್ನು ಕೊಯ್ದ ದಿನ ಚಿತ್ರ ಹಾಕುತ್ತೇನೆ.

ಸುಮತಿ ಅತ್ತೆ: ಹಲಗೆಯ ಚಿತ್ರ ಬೇಡ, ಎರಡೂ ಕೈಗಳ ಚಿತ್ರ ಹಾಕು, ನಾನು ಬೆರಳು ಎಣಿಸುತ್ತೇನೆ. ಇಳಿಸಿಕೊಂಡ ಆ 50 ಡಾಲರನ್ನು ತೋಟದ ಬೇಲಿಗೆ ಕಳಿಸು.