ಹತ್ತದೇ ಇರೋನೂ ಒಬ್ಬ ಬೇಕು ಕಣ್ರೋ

ಮೂರು ಜನ ಹೋದ್ವಿ, ಇಬ್ಬರು ಹತ್ತಿದ್ರು, ಒಬ್ಬ ಕೆಳಗೆ ಹುಲ್ಲಿನ ಮೇಲೆ ಕಾಲು ಚಾಚ್ಕೊಂಡು ಊರಿಂದ ತಂದಿದ್ದ ಚಕ್ಲಿ ಪ್ಯಾಕೆಟ್ ಖಾಲಿ ಮಾಡಿದ. ಆ ಒಬ್ಬ ಯಾರು ಅಂತ ಬಾಯಿಬಿಟ್ಟು ಹೇಳ್ಬೇಕಾ.

ರಘು, ಸುಮಾ ಇಬ್ಬರೂ ನನ್ನ ಕಾಲೇಜಿನವರು, ಈಗ ಗ್ರೆನೋಬ್ಲ್‌ನಲ್ಲಿ ಕೆಲಸ. ಫ್ರಾನ್ಸಿಗೆ ಕರೆಸಿಕೊಂಡು ಮೊಂ ಬ್ಲಾಂ ಶಿಖರ ತೋರಿಸ್ತಾರೇನೋ ಅಂದ್ಕೊಂಡ್ರೆ "ಅದನ್ನ ಕ್ಯಾಲೆಂಡರಲ್ಲೇ ನೋಡ್ಬಹುದು ಬಾರೋ" ಅಂತ ಶಿಶಿಲಿಯಾನ್ ಅನ್ನೋ ಹಳ್ಳಿಗೆ ಕರ್ಕೊಂಡು ಹೋದ್ರು, ಅಲ್ಲಿ ಮೊಂ ಎಗ್ವೀ ಅನ್ನೋ ಬೆಟ್ಟ. ಎಗ್ವೀ ಅಂದ್ರೆ ಸೂಜಿಯಂತೆ. ನನಗೆ ಕಂಡಿದ್ದು ಯಾರೋ ಗದ್ದೆ ಮಧ್ಯ ನಿಲ್ಲಿಸಿ ಮರೆತುಹೋದ ಗೋಡೆ, ಸುತ್ತ ಮುನ್ನೂರು ಮೀಟರ್ ನೆಟ್ಟಗಿರೋ ಬಂಡೆ, ಮೇಲ್ಗಡೆ ಮಾತ್ರ ದೋಸೆಕಲ್ಲಿನ ಥರ ಚಪ್ಪಟೆ.

ರಾತ್ರಿ ವಾಪಸ್ ಬಂದು ಹುಳಿಯನ್ನ ತಿಂತಾ ಕೂತಾಗ ಶುರುವಾಯ್ತು ವಿಚಾರಣೆ.

"ಎರಡು ಸಾವಿರದ ಚಿಲ್ರೆ ಮೀಟರ್ ಕಣೋ, ಮುಳ್ಳಯ್ಯನಗಿರಿಗಿಂತ ನೂರೈವತ್ತು ಮೀಟರ್ ಜಾಸ್ತಿ ಅಷ್ಟೆ, ಅದಕ್ಕೂ ಹೆದರಿದ್ಯಲ್ಲೋ" ಅಂದ ರಘು.

"ಮುಳ್ಳಯ್ಯನಗಿರೀಲಿ ಮೆಟ್ಟಿಲಿದೆ, ದೇವರಿದೆ, ಇಳಿದು ಬಂದ್ರೆ ಬಿಸಿ ಬೋಂಡ ಇದೆ. ಇಲ್ಲೇನಿದೆ? ಸುಣ್ಣ! ಎಲೆಗೆ ಹಚ್ಚೋ ಪದಾರ್ಥದ ಮೇಲೆ ಜೀವ ಇಡು ಅಂತೀಯಲ್ಲ."

ಇಲ್ಲಿ ಸುಮಾ ಬಾಯಿ ಹಾಕಿದ್ಲು. ಅವಳು ಆರು ವರ್ಷದಿಂದ ಬಂಡೆ ಹತ್ತೋಳು, ಸುಣ್ಣದಕಲ್ಲನ್ನ ಬೈದ್ರೆ ತವರುಮನೆ ಬೈದಷ್ಟು ಸಿಟ್ಟು. ಡೈನೋಸಾರ್ ಕಾಲದಲ್ಲಿ ಇದೆಲ್ಲ ಸಮುದ್ರ, ಚಿಪ್ಪು ಹವಳ ಎಲ್ಲ ತಳಕ್ಕೆ ಬಿದ್ದು ಕಲ್ಲಾಗಿದ್ದು, ಮೇಲಿನ ಪದರ ಗಟ್ಟಿ, ಅದರ ಕೆಳಗಿನದು ಜೇಡಿ ಬೆರೆತ ಮೆದು ಕಲ್ಲು, ಆ ಮೆದು ಕಲ್ಲು ಸವೆದ ಹಾಗೆಲ್ಲ ಮೇಲಿನ ಗಟ್ಟಿ ಕಲ್ಲು ಅಂಚಿಂದ ಕಳಚಿ ಕಳಚಿ ಬಿದ್ದು, ಪಕ್ಕದ ವೆರ್ಕೋರ್ ಪ್ರಸ್ಥಭೂಮಿಯಿಂದ ಇದೊಂದು ತುಂಡು ಬೇರೆಯಾಗಿ ನಿಂತ್ಕೊಂಡಿದೆ ಅಂತ ಒಂದೇ ಉಸಿರಲ್ಲಿ ಹೇಳಿ ಮುಗಿಸಿದ್ಲು.

"ಪಾಲು ತಗೊಂಡು ಬೇರೆ ಮನೆ ಮಾಡಿದ ತಮ್ಮನ ಹಾಗೆ" ಅಂದೆ.

"ನಮ್ಮ ಯಾಣದ್ದೂ ಸುಣ್ಣದಕಲ್ಲೇ, ಗೊತ್ತಾ?"

"ಗೊತ್ತು, ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ. ನನ್ನ ಹತ್ರ ಎರಡೂ ಇಲ್ಲ, ಅದಕ್ಕೇ ಕೆಳಗೆ ಕೂತಿದ್ದು."

ಆದ್ರೆ ನಾನು ಸುಮ್ನೆ ಕೂತಿರ್ಲಿಲ್ಲ, ಫೋನಲ್ಲಿ ಆ ಬೆಟ್ಟದ ಚರಿತ್ರೆ ಪೂರ್ತಿ ಓದಿ ಮುಗಿಸಿದ್ದೆ, ಅದೇ ನನ್ನ ಬ್ರಹ್ಮಾಸ್ತ್ರ. 1492ರಲ್ಲಿ ಫ್ರಾನ್ಸಿನ ರಾಜ ಎಂಟನೇ ಚಾರ್ಲ್ಸ್ "ಹತ್ತು" ಅಂತ ಅಪ್ಪಣೆ ಮಾಡಿದ. ರಾಜನಿಗೇನು, ಅವನೇನು ಹತ್ತಬೇಕಾ. ಹತ್ತಿದ್ದು ಆಂತ್ವಾನ್ ದ ವಿಲ್ ಅನ್ನೋ ಸರದಾರ, ಕೋಟೆಗೆ ಲಗ್ಗೆ ಹಾಕೋರ ಥರ ಏಣಿ ಹಗ್ಗ ಎಲ್ಲ ಹೊರಿಸ್ಕೊಂಡು, ಜೊತೆಗೆ ಏಣಿ ಕೆಲಸದವನು, ಪೂಜೆಗೆ ಒಬ್ಬ ಪಾದ್ರಿ. ಜೂನ್ ಕೊನೇಲಿ ಇವರು ಮೇಲಿದ್ರು, ಕೊಲಂಬಸ್ ಇನ್ನೂ ಹಡಗೇ ಬಿಟ್ಟಿರ್ಲಿಲ್ಲ, ನಮ್ಮ ಕಡೆ ಕೃಷ್ಣದೇವರಾಯ ಪಟ್ಟಕ್ಕೆ ಬರೋಕೆ ಇನ್ನೂ 17 ವರ್ಷ ಇತ್ತು. ಮೇಲೆ ನೋಡಿದ್ರೆ ಹುಲ್ಲುಗಾವಲು, ಹೂವು, ಬೆಟ್ಟದ ಮೇಕೆಗಳ ಹಿಂಡು. ಅವು ಹೇಗೆ ಹತ್ತಿದ್ವೋ, ಯಾವ ರಾಜನೂ ಅವಕ್ಕೆ ಅಪ್ಪಣೆ ಮಾಡಿರ್ಲಿಲ್ಲ.

"ಈಗ ಮೇನ್ ಪಾಯಿಂಟ್ ಕೇಳ್ರಿ" ಅಂದೆ. "ದ ವಿಲ್ ಮೇಲಿಂದಲೇ ಗ್ರೆನೋಬ್ಲ್ ನ್ಯಾಯಾಲಯಕ್ಕೆ ಕಾಗದ ಬರೆದ, ನಾವು ಹತ್ತಿದ್ದೀವಿ, ಯಾರನ್ನಾದ್ರೂ ಕಳಿಸಿ ನೋಡ್ಕೊಳ್ಳಿ ಅಂತ. ಅವರು ಒಬ್ಬ ಕೋರ್ಟ್ ಅಮೀನನ್ನ ಕಳಿಸಿದ್ರು. ಅಮೀನ ಬಂದ, ಏಣಿ ನೋಡಿದ, ಮೇಲೆ ಜನ ಇರೋದು ನೋಡಿದ, ಬನ್ನಿ ಅಂತ ಕರೆದ್ರೆ ನಾನೊಲ್ಲೆ ಅಂದು ಕೆಳಗಿಂದಲೇ ವರದಿ ಬರೆದು ಹೊರಟೇಬಿಟ್ಟ. ಅವತ್ತಿನ ಬುದ್ಧಿವಂತ ಅವನೇ ಕಣ್ರೋ."

"ಸರ್ಕಾರಿ ನೌಕರ ಎಲ್ಲಿದ್ರೂ ಒಂದೇ" ಅಂದ ರಘು.

"ನಗಬೇಡ. ಆಮೇಲೆ 1834ರ ತನಕ ಇನ್ನೊಬ್ಬ ಹತ್ತಿದ ದಾಖಲೆ ಇಲ್ಲ, 342 ವರ್ಷ! ಮೂರು ತಲೆಮಾರು ಕಳೆದ್ರೆ 'ಹತ್ತಿದ್ನಂತೆ' ಅನ್ನೋದು 'ಹತ್ತಿದ್ನಾ?' ಆಗುತ್ತೆ. ನಂಬೋಕೆ ಹತ್ತದೇ ಇರೋನ ಮಾತೇ ಬೇಕು, ಹತ್ತಿದೋರು ಹೇಗೂ ಕೊಚ್ಕೊಳ್ತಾರೆ."

"1957ರಲ್ಲಿ ಆನ್ರಿ ಜಿರೋ ಅನ್ನೋ ಪೈಲಟ್ ಪುಟಾಣಿ ವಿಮಾನ ತಂದು ಆ ಹುಲ್ಲಿನ ಮೇಲೇ ಇಳಿಸಿದ್ದ, ಗೊತ್ತಾ?" ಅಂದ್ಲು ಸುಮಾ. ಒಂದು ಕ್ಷಣ ಮೂರು ಜನಾನೂ ಸುಮ್ನಾದ್ವಿ. ರಘು ಬೆಳಗ್ಗೆಯಿಂದ, ಜನ ಹತ್ತಿ ಹತ್ತಿ ಸೋಪಿನ ಹಾಗೆ ನುಣುಪಾಗಿರೋ ಕಲ್ಲಿಗೆ ಜೋತುಬಿದ್ದು, ಇಳಿಯೋವಾಗ ಹಗ್ಗದಲ್ಲಿ ಕೊಡದ ಥರ ತೂಗಾಡಿ, ಮೊಣಕೈ ಕಿತ್ಕೊಂಡು ಬಂದಿದ್ದ. ಪಾಪ ಅನ್ನಿಸ್ತು. ಜೋರಾಗಿ ಏನೂ ಅನ್ಲಿಲ್ಲ.

ಆಗ ರಘು ಮೆತ್ತಗೆ, "ಮಗಾ, ನೀನು ಕೆಳಗಿಂದ ತೆಗೆದ ಫೋಟೋ ಕಳಿಸೋ, ಅಮ್ಮನಿಗೆ ತೋರಿಸ್ಬೇಕು" ಅಂದ. ಮಹಾರಾಯ ದಾರಿಯುದ್ದಕ್ಕೂ ವಿಡಿಯೋ ಮಾಡಿ ಮಾಡಿ ತುದಿ ಮುಟ್ಟೋ ಹೊತ್ತಿಗೆ ಬ್ಯಾಟರಿ ಖಾಲಿ ಮಾಡ್ಕೊಂಡಿದ್ದಾನೆ, ಸುಮಾ ಫೋನ್ ಕಾರಲ್ಲಿ. ಇಡೀ ಭೂಮಂಡಲದಲ್ಲಿ ಇವರು ಮೇಲಿದ್ರು ಅನ್ನೋಕಿರೋ ಆಧಾರ ನನ್ನ ಫೋನಲ್ಲಿ ಬಂಡೆ ಅಂಚಲ್ಲಿ ಕಾಣೋ ಒಂದು ಕೆಂಪು ಚುಕ್ಕಿ, ಒಂದು ಹಳದಿ ಚುಕ್ಕಿ.

"ಅಮೀನರಿಗೆ ಫೀಸ್ ಆಗುತ್ತೆ" ಅಂದೆ. "ಇವತ್ತು ಪಾತ್ರೆ ನನ್ನ ಸರದಿ, ಅಲ್ವಾ?"

ರಘು ಎದ್ದು ಸಿಂಕಿನ ಹತ್ರ ಹೋದ. ಹುಳಿಯನ್ನ ಕುಕ್ಕರ್ ತಳಕ್ಕೆ ಹಿಡಿದು ಕರಕಲಾಗಿತ್ತು, ಉಜ್ಜೋ ಸದ್ದು ಹತ್ತು ನಿಮಿಷ ಕೇಳಿಸ್ತು. "ಸರಿಯಾಗಿ ಹೋಗಿದ್ಯಾ ಬಂದು ನೋಡು" ಅಂತ ಕೂಗಿದ.

ಸೋಫಾ ಮೇಲಿಂದಲೇ ನೋಡಿ, ಹೋಗಿದೆ ಅಂತ ವರದಿ ಕೊಟ್ಟೆ.