ಪದ ಬೇಕು: ಮೈಟಾಸಿಸ್, ಮಿಯಾಸಿಸ್ (ನಾಳೆ ಸಂಜೆಯೊಳಗೆ)

ಶಿಕ್ಷಕಿ, ಬಾಗಲಕೋಟೆ ತಾಲ್ಲೂಕು:

ನಮಸ್ಕಾರ. ನಾಳೆ ಸಂಜೆ ಪೇಂಟರ್ ಬರುತ್ತಾರೆ. ಶಾಲೆಯ ವಿಜ್ಞಾನ ಮೇಳಕ್ಕೆ ಎರಡು ಬೋರ್ಡ್ ಬರೆಸಬೇಕು. ಒಂದು ಮೈಟಾಸಿಸ್‌ಗೆ, ಒಂದು ಮಿಯಾಸಿಸ್‌ಗೆ. ಎರಡೂ ಒಂದು ಜೀವಕೋಶದಿಂದ ಹೊಸ ಜೀವಕೋಶಗಳು ಆಗುವ ಬಗೆಗಳು. ಎರಡರ ಕೆಳಗೂ ಸೂಕ್ಷ್ಮದರ್ಶಕ ಇಡುವ ಯೋಚನೆ. ನೀರಿನ ಲೋಟದ ಮೇಲೆ ಉಳ್ಳಾಗಡ್ಡಿ ಕೂರಿಸಿ ಮೂರು ದಿನ ಆಯಿತು, ಬೇರು ಚೆನ್ನಾಗಿ ಇಳಿದಿದೆ. ತುದಿ ಕತ್ತರಿಸಿ, ಅಸಿಟೋಕಾರ್ಮಿನ್ ಅನ್ನುವ ಕೆಂಪು ಬಣ್ಣ ಹಾಕಿ ಸ್ವಲ್ಪ ಬಿಸಿ ಮಾಡಿ, ಗಾಜಿನ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ಕೆಂಪು ಎಳೆಗಳು ಕಾಣುತ್ತವೆ.

ಪಠ್ಯದಲ್ಲಿ ಕೋಶವಿಭಜನೆ ಅಂತ ಇದೆ. ನೋಡಲು ಬರುವವರು ಮಕ್ಕಳ ತಂದೆ ತಾಯಿ. ಹೋದ ವಾರ 'ಜೀವಕೋಶ ಒಡೆದು ಗಾಯ ಮಾಯುತ್ತದೆ' ಅಂತ ಬರೆದು ತೋರಿಸಿದೆ. 'ಒಡೆದರೆ ಗಾಯ ಜಾಸ್ತಿ ಆಗುತ್ತೆ ಅಲ್ವಾ ಅಕ್ಕೋರೆ?' ಎಂದರು ಒಬ್ಬ ತಾಯಿ. ನನಗೆ ಉತ್ತರ ಹೊಳೆಯಲಿಲ್ಲ. ದಯವಿಟ್ಟು ಒಂದೊಂದು ಬೋರ್ಡಿಗೆ ಒಂದೊಂದು ಮಾತು ಕೊಡಿ.

ಬೆಳಗಾವಿಯಿಂದ:

ಕೋಶ ಸಂಸ್ಕೃತ, ವಿಭಜನೆಯೂ ಸಂಸ್ಕೃತ. ಎರಡೂ ಬೇಡ. ಸೂಲುಗೂಡಿನ ಇಬ್ಭಾಗ ಅಂತ ಬರೆಸಿ. ಮಿಯಾಸಿಸ್‌ಗೆ ಅರೆಭಾಗ. ಮುಗಿಯಿತು.

ಇಳಕಲ್‌ನಿಂದ:

ಮುಗಿಯಲಿಲ್ಲ. ಇಬ್ಭಾಗದಲ್ಲಿರುವ ಭಾಗ ಯಾವ ಧಾತುವಿನಿಂದ ಬಂತು? ಭಜ್. ವಿಭಜನೆಯೂ ಅದೇ ಧಾತು. ಅಣ್ಣನನ್ನು ಓಡಿಸಿ ತಮ್ಮನನ್ನು ಕರೆತಂದಿರಿ.

ಮೈಟಾಸಿಸ್ ಅನ್ನುವ ಹೆಸರಿನ ಮೂಲ ನೋಡಿ. ಜರ್ಮನಿಯ ವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ 1882ರಲ್ಲಿ ಇಟ್ಟ ಹೆಸರು ಇದು. ಸಾಲಮಾಂಡರ್ ಅನ್ನುವ ಉಭಯಚರ ಪ್ರಾಣಿಯ ಮರಿಗಳ ಕೋಶಕ್ಕೆ ಬಣ್ಣ ಹಾಕಿ ನೋಡಿದಾಗ ಅವನಿಗೆ ದಾರದಂಥದ್ದು ಕಂಡಿತು. ಗ್ರೀಕಿನಲ್ಲಿ ಮಿಟೋಸ್ ಅಂದರೆ ಮಗ್ಗದ ಹಾಸಿನ ನೂಲು. ನಾನು ನೇಕಾರರ ಮನೆಯವನು. ಗಂಜಿ ಹಾಕಿದ ಹಾಸಿನಲ್ಲಿ ಎರಡು ಎಳೆ ಅಂಟಿಕೊಂಡರೆ ನಮ್ಮವ್ವ ಉಗುರಿನಿಂದ ಬಿಡಿಸುತ್ತಿದ್ದಳು, ಒಂದು ಎಳೆಯೂ ಹರಿಯದ ಹಾಗೆ. ಕೋಶದ ಒಳಗೆ ನಡೆಯುವುದೂ ಅದೇ. ಜೋಡಿಯಾಗಿದ್ದ ಎಳೆಗಳು ಬಿಡಿಸಿಕೊಂಡು ಆ ಕಡೆ ಒಂದು, ಈ ಕಡೆ ಒಂದು ಸರಿಯುತ್ತವೆ. ಆ ಎಳೆಗೆ ಪಠ್ಯದಲ್ಲಿ ವರ್ಣತಂತು ಅನ್ನುತ್ತಾರೆ, ಅದರಲ್ಲಿರುವ ತಂತು ಕೂಡ ನೂಲೇ. ಅಕ್ಕೋರೆ, ನೀವೇ ನಿಮಗೆ ತಿಳಿಯದೆ 'ಕೆಂಪು ಎಳೆ' ಅಂತ ಬರೆದಿದ್ದೀರಿ. ಎಳೆಬಿಡಿಕೆ ಅನ್ನಿ.

ವಿಜಯಪುರದಿಂದ:

ಎಳೆಬಿಡಿಕೆ ಚೆಂದದ ಪದ. ಆದರೆ ಆ ತಾಯಿಯ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ.

ನಾನು ಜಮೀನಿನ ವಾಟಣಿ ಪತ್ರ ಬರೆಯುವವನು. ಭಾಗ, ಪಾಲು, ಹಿಸ್ಸೆ, ವಾಟಣಿ, ಯಾವ ಪದವನ್ನೇ ತಗೊಳ್ಳಿ, ಹಂಚಿದ ಮೇಲೆ ಕಮ್ಮಿ ಆಗುತ್ತದೆ. ಎಂಟು ಎಕರೆ ಇಬ್ಬರು ಮಕ್ಕಳಿಗೆ ತಲಾ ನಾಲ್ಕು. ಮೈಟಾಸಿಸ್‌ನಲ್ಲಿ ಹಾಗಲ್ಲ. ಉಳ್ಳಾಗಡ್ಡಿ ಬೇರಿನ ಕೋಶದಲ್ಲಿ ವರ್ಣತಂತು 16. ಕೋಶ ಎರಡಾದ ಮೇಲೆ ಇದರಲ್ಲೂ 16, ಅದರಲ್ಲೂ 16. ಬೇರ್ಪಡುವ ಮೊದಲೇ ಪ್ರತಿಯೊಂದೂ ನಕಲಾಗಿರುತ್ತದೆ. ಅಪ್ಪನ ಎಂಟು ಎಕರೆ ಇಬ್ಬರಿಗೂ ಎಂಟೆಂಟು ಎಕರೆಯಾಗಿ ಸಿಕ್ಕ ಹಾಗೆ. ಅದನ್ನು ಭಾಗ ಅನ್ನುವುದು ಹೇಗೆ?

ನಿಜವಾದ ವಾಟಣಿ ಅಂದರೆ ಮಿಯಾಸಿಸ್. ನಕಲು ಒಂದು ಸಲ, ಬೇರ್ಪಡುವುದು ಎರಡು ಸಲ. ಮನುಷ್ಯರಲ್ಲಿ 46 ಇದ್ದದ್ದು 23ಕ್ಕೆ ಇಳಿಯುತ್ತದೆ. ತಂದೆಯ 23, ತಾಯಿಯ 23 ಸೇರಿ ಮಗುವಿಗೆ ಮತ್ತೆ 46. ವಿಜ್ಞಾನಿಗಳಾದ ಫಾರ್ಮರ್ ಮತ್ತು ಮೂರ್ 1905ರಲ್ಲಿ ಇಟ್ಟ ಆ ಹೆಸರಿನ ಅರ್ಥವೇ ಕಮ್ಮಿಯಾಗುವುದು.

ಒಡೆ ಅನ್ನುವ ಪದವನ್ನು ಸುಮ್ನೆ ಬಿಡಬೇಡಿ. ಮಡಕೆ ಒಡೆದರೆ ಹೋಯಿತು. ದಾಳಿಂಬೆ ಚಿಗುರೊಡೆದರೆ? ಕಬ್ಬು ಮರಿ ಒಡೆದರೆ? ಆ ತಾಯಿಗೆ ಮಡಕೆಯ ಒಡೆ ಕೇಳಿಸಿತು, ಚಿಗುರಿನ ಒಡೆ ಕೇಳಿಸಲಿಲ್ಲ.

ಇನ್ನೊಂದು ಮಾತು. ಎರಡನೇ ಬೋರ್ಡಿನ ಕೆಳಗೆ ಬೇರು ಇಡಬೇಡಿ. ಬೇರಿನಲ್ಲಿ ಮಿಯಾಸಿಸ್ ನಡೆಯುವುದಿಲ್ಲ. ಬೀಜಕ್ಕೆ ಬಿಟ್ಟ ಉಳ್ಳಾಗಡ್ಡಿ ಹೊಲದಿಂದ ಇನ್ನೂ ಅರಳದ ಎಳೇ ಮೊಗ್ಗು ತರಿಸಿ, ಒಳಗಿನ ಪರಾಗದ ಚೀಲ ತೆಗೆದು ನೋಡಿ.

ಬೆಳಗಾವಿಯಿಂದ:

ವಾಟಣಿ ಮರಾಠಿ, ಹಿಸ್ಸೆ ಅರಬ್ಬಿ. ಕನ್ನಡದ ಪಟ್ಟಿಯಲ್ಲಿ ಇವನ್ನೆಲ್ಲ ಕೂರಿಸುತ್ತೀರಿ. ಗಡಿಯಲ್ಲಿ ಕನ್ನಡ ಬೋರ್ಡಿನ ಬೆಲೆ ಏನು ಅಂತ ಇಲ್ಲಿ ಇದ್ದವರಿಗೆ ಗೊತ್ತು. ನಮ್ಮ ಮಕ್ಕಳು ವಿಜ್ಞಾನವನ್ನು ಸಾಲದ ಪದಗಳಲ್ಲೇ ಯಾಕೆ ಕಲಿಯಬೇಕು? ನಮ್ಮದೇ ಬೇರಿನಿಂದ ಪದ ಕಟ್ಟಿದರೆ ಮಗು ಮುಂದಿನ ಪದವನ್ನು ತಾನೇ ಕಟ್ಟುತ್ತದೆ. ನಾನು ಕೇಳುತ್ತಿರುವುದು ಅಷ್ಟೇ.

ವಿಜಯಪುರದಿಂದ:

ವಾಟಣಿಯನ್ನು ಬೋರ್ಡಿಗೆ ಹಾಕಿ ಅಂತ ನಾನು ಹೇಳಿಲ್ಲ ಸರ್. ನಾಲ್ಕು ತಲೆಮಾರಿನಿಂದ ನಮ್ಮ ಹೊಲ ಹಂಚಿದ ಪದ ಅದು, ಅದನ್ನು ಹೊರಗಿನದು ಅನ್ನಲಾರೆ. ಲೆಕ್ಕ ತಪ್ಪಿಸುವ ಪದ ಅಚ್ಚಗನ್ನಡದ್ದೇ ಆದರೂ ಬೇಡ. ಸೂಲು ಅಂದರೆ ಹೆರಿಗೆ. ಮಿದುಳಿನ ನರಕೋಶ ಒಮ್ಮೆ ಬೆಳೆದ ಮೇಲೆ ಬಹುಮಟ್ಟಿಗೆ ಮತ್ತೆ ಎರಡಾಗುವುದೇ ಇಲ್ಲ. ಅದಕ್ಕೂ ಸೂಲುಗೂಡು ಅನ್ನುತ್ತೀರಾ?

ಇಳಕಲ್‌ನಿಂದ:

ಜಗಳ ನಿಮ್ಮಲ್ಲೇ ಇರಲಿ. ಎಳೆ ಮಾತ್ರ ಬಿಡಬೇಡಿ ಅಕ್ಕೋರೆ.

ಶಿಕ್ಷಕಿ, ಬಾಗಲಕೋಟೆ ತಾಲ್ಲೂಕು:

ಪೇಂಟರ್ ಬಂದಿದ್ದಾರೆ. ಹೀಗೆ ಬರೆಸುತ್ತಿದ್ದೇನೆ.

ಮೊದಲನೆಯದು: 'ಮೈಟಾಸಿಸ್. ಒಂದು ಕೋಶ ಕವಲೊಡೆದು ಎರಡಾಗುವುದು. ಎರಡರಲ್ಲೂ ಎಳೆ ಪೂರ್ತಿ, 16. ಬೇರು ಬೆಳೆಯುವುದು ಹೀಗೆ, ಗಾಯ ಮಾಯುವುದೂ ಹೀಗೆ.'

ಎರಡನೆಯದು: 'ಮಿಯಾಸಿಸ್. ಎಳೆಗಳ ಲೆಕ್ಕ ಅರ್ಧವಾಗುವುದು, 16 ಇದ್ದದ್ದು 8. ಪರಾಗ ಹುಟ್ಟುವ ಮುಂಚೆ ನಡೆಯುವುದು.'

ಎಳೆ ಅಂದರೆ ವರ್ಣತಂತು ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಬರುತ್ತದೆ, ಪರೀಕ್ಷೆಯಲ್ಲಿ ಮಕ್ಕಳು ಬರೆಯಬೇಕಾದ ಪದ ಅದು. ಮೈಟಾಸಿಸ್, ಮಿಯಾಸಿಸ್ ಅನ್ನುವ ಹೆಸರುಗಳನ್ನೂ ತೆಗೆಯಲಿಲ್ಲ, ಪಿಯುಸಿಗೆ ಹೋದರೆ ಅವೇ ಕಿವಿಗೆ ಬೀಳುತ್ತವೆ. ಎಂಟನೇ ತರಗತಿಯ ಒಬ್ಬ ಹುಡುಗನ ಮನೆಯಲ್ಲಿ ಬೀಜದ ಉಳ್ಳಾಗಡ್ಡಿ ಇದೆಯಂತೆ. ನಾಳೆ ಬೆಳಿಗ್ಗೆ ಮೊಗ್ಗು ತರುತ್ತಾನೆ.